ನಾಲ್ಕು ಕೈಯ ಕೆಲಸ

ಹಿತ್ತಲಿನ ಶೆಡ್ಡು,
ಮಾರ್ಚ್ ೯, ಶನಿವಾರ

ನನ್ನ ಪ್ರೀತಿಯ ದೊರೆಗೆ,

ಹೇಗಿದ್ದೀಯಪ್ಪಾ? ಸುರಂಗದ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೆ? ಮೂಗಿಗೆ ಕಟ್ಟಿಕೋ ಎಂದು ನಾನು ಹೊಲಿದು ಕಳಿಸಿದ ಬಟ್ಟೆಗಳಲ್ಲಿ ನೀನು ಬೂಟು ಒರೆಸುತ್ತಿರುತ್ತೀಯ ಎಂದು ಗೊತ್ತು, ಹೆತ್ತವಳಲ್ಲವೆ. ಬಿಸಿನೀರು ಕುಡಿ. ಪಾಳಿ ಮುಗಿಸಿ ಬಂದು ಖಾಲಿ ಹೊಟ್ಟೆಯಲ್ಲಿ ಬಿದ್ದುಕೊಳ್ಳಬೇಡ. ನನ್ನ ಮಂಡಿ ಮೊದಲಿನಂತೆಯೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಇನ್ನು ಸುದ್ದಿಗೆ ಬರುತ್ತೇನೆ. ಕೂತು ಓದು, ನಿಂತು ಓದುವ ಕಾಗದವಲ್ಲ ಇದು.

ನಿನ್ನ ಹೋದ ತಿಂಗಳ ಕಾಗದವನ್ನು ನಾವಿಬ್ಬರೂ ಓದಿದೆವು. ಅಪ್ಪನ ಮೋಟಾರ್‌ಸೈಕಲ್ಲಿನ ಕತೆ ಮುಗಿಯಿತು, ರಜೆಗೆ ಬಂದಾಗ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದರೂ ಹೊಗೆ ನಿಲ್ಲಲಿಲ್ಲ, ಇಂಜಿನ್ನಿನ ಬೋರೇ ಸವೆದಿದೆ, ಗೆಳೆಯ ಮೀಸೆ ಬಂದು ಗುಜರಿಗೆ ಒಯ್ಯುತ್ತಾನೆ ಎಂದಿದ್ದೆ. ಅದರ ಬೆನ್ನಿಗೇ, ಗಾಡಿಯೇ ಇಲ್ಲದ ಮೇಲೆ ಇವಳು ಆಸ್ಪತ್ರೆಯ ಎಕ್ಸ್‌ರೇ ಕೆಲಸಕ್ಕೆ ಸೇರುವುದು ಆಗದ ಮಾತು, ಬೆಳಗಿನ ಪಾಳಿಗೆ ಬಸ್ಸೂ ಇಲ್ಲ, ಮನೆಯಲ್ಲೇ ಹಾಯಾಗಿರಲಿ ಎಂದೂ ಬರೆದಿದ್ದೆ. ಗಾಡಿಯನ್ನೂ ಹೆಂಡತಿಯನ್ನೂ ಒಂದೇ ಉಸಿರಿನಲ್ಲಿ ಮೂಲೆಗೆ ತಳ್ಳಿಬಿಟ್ಟೆಯಲ್ಲೋ! ಮದುವೆಗೆ ಮೊದಲೇ ಕಷ್ಟಪಟ್ಟು ಕಲಿತ ಕೆಲಸ ಅದು, ಈಗ ತಾನಾಗಿ ಮನೆ ಬಾಗಿಲಿಗೆ ಬಂದಿದೆ. ಕಾಗದ ಓದಿ ಅವಳು ಒಳಗೆ ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟದ್ದನ್ನೇ ಮತ್ತೆ ತೊಳೆದಳು. ನನಗೆ ಪಿತ್ತ ನೆತ್ತಿಗೇರಿತು.

ಮೀಸೆ ಬಂದಿದ್ದ, ಗಾಡಿ ಹೇರಿಕೊಂಡು ಹೋಗಲು ಟೆಂಪೋವನ್ನೂ ತಂದಿದ್ದ. ನಾನು ಶೆಡ್ಡಿನ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ. “ಅಮ್ಮಾ, ಹೊಗೆ ಕಾರೋ ಕಬ್ಬಿಣಕ್ಕೆ ಯಾಕಿಷ್ಟು ಹಟ?” ಅಂದ. “ಹೊಗೆ ನೀನೂ ಬಿಡ್ತೀಯ, ನಿನ್ನನ್ನ ಯಾರಾದ್ರೂ ಗುಜರಿಗೆ ಹಾಕಿದ್ರಾ?” ಅಂದೆ. ಕೈಯಲ್ಲಿದ್ದ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ಖಾಲಿ ಟೆಂಪೋದಲ್ಲಿ ಹೋದ. ನಿನಗೆ ಚಾಡಿ ಹೇಳಿರುತ್ತಾನೆ. ಹೇಳಲಿ.

ಅವನು ಆ ಕಡೆ ಹೋಗುತ್ತಲೇ ನಾವು ಇಂಜಿನ್ ಬಿಚ್ಚಲು ಕೂತೆವು. ನಿಮ್ಮಪ್ಪನ ಜೊತೆ ಗ್ಯಾರೇಜಿನಲ್ಲಿ ಆಯಸ್ಸು ಕಳೆದವಳು ನಾನು, ಸ್ಪ್ಯಾನರ್ ಎತ್ತಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು ಎಂದು ನೀನು ತಿಳಿದಿದ್ದರೆ ಅದು ನಿನ್ನ ದಡ್ಡತನ. ನಾನು ಹೇಳುತ್ತಾ ಹೋದೆ, ಅವಳು ಬಿಚ್ಚುತ್ತಾ ಹೋದಳು. ಹೆಡ್ಡು ತೆಗೆದು, ಬ್ಲಾಕ್ ಎತ್ತಿ, ಕೆಳಗೆ ಏನೂ ಬೀಳದಿರಲೆಂದು ಕ್ರ್ಯಾಂಕ್‌ಕೇಸಿನ ಬಾಯಿಗೆ ನಿನ್ನ ನೀಲಿ ಬನಿಯನ್ನನ್ನು ತುರುಕಿದೆವು (ಅದನ್ನು ಇನ್ನು ಹುಡುಕಬೇಡ). ಪಿಸ್ಟನ್ ಓಡಾಡುವ ಬೋರಿನ ಒಳಗೆ ಬೆರಳಾಡಿಸಿದೆ. ಒಂದು ಗೀರಿಲ್ಲ, ಸವೆದು ಬಿದ್ದ ಒಂದು ಮೆಟ್ಟಿಲಿಲ್ಲ. ಸಂದು ಅಳೆಯುವ ಅಪ್ಪನ ಫೀಲರ್ ಗೇಜು ಇಟ್ಟು ಅಳೆದೂ ನೋಡಿದೆ. ಸವೆದದ್ದು ಬೋರಲ್ಲ, ನಿನ್ನ ತಾಳ್ಮೆ.

ಆಮೇಲೆ ನನ್ನ ಸೊಸೆ ಪಿಸ್ಟನ್ನನ್ನು ಬೆಳಕಿಗೆ ಹಿಡಿದಳು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕುವ ಕಣ್ಣು ಅದು. “ಅತ್ತೆ, ಇಲ್ಲಿ ಒಂದೇ ಬಣ್ಣ ಕಾಣ್ತಿದೆ” ಅಂದಳು. ಎಲ್ಲಕ್ಕಿಂತ ಕೆಳಗಿನ ಆಯಿಲ್ ರಿಂಗ್ ನಿನಗೆ ಗೊತ್ತೇ ಇದೆ: ನಡುವೆ ಅಲೆಯಲೆಯಾದ ಸ್ಪ್ರಿಂಗ್, ಅದರ ಮೇಲೊಂದು ಕೆಳಗೊಂದು ಕಾಗದದಷ್ಟು ತೆಳ್ಳನೆಯ ಬಳೆ. ಬೋರಿನ ಗೋಡೆಗೆ ಮೆತ್ತಿದ ಎಣ್ಣೆಯನ್ನು ಕೆರೆದು ಕೆಳಗಿಳಿಸುವುದು ಅದರ ಕೆಲಸ. ಸ್ಪ್ರಿಂಗಿನ ಎರಡು ತುದಿಗೂ ಬೇರೆ ಬೇರೆ ಬಣ್ಣ ಬಳಿದಿರುತ್ತಾರೆ, ಎರಡೂ ಮುಖಾಮುಖಿ ನಿಲ್ಲಬೇಕು, ಎರಡು ಬಣ್ಣವೂ ಕಾಣಬೇಕು. ನೀನು ಹಾಕಿದ್ದರಲ್ಲಿ ಹಸಿರು ತುದಿ ಬಿಳಿಯ ಮೇಲೆ ಹತ್ತಿ ಕೂತಿತ್ತು. ಹಾಗೆ ಕೂತರೆ ರಿಂಗಿಗೆ ಬಿಗಿ ಎಲ್ಲಿಂದ ಬರಬೇಕು? ಎಣ್ಣೆ ಮೇಲೆ ನುಗ್ಗಿತು, ಉರಿಯಿತು, ಹೊಗೆಯಾಯಿತು. ತಪ್ಪು ನಿನ್ನದು, ಬೈಸಿಕೊಂಡದ್ದು ಇಂಜಿನ್ನು.

ಯಾಕೆ ಹಾಗಾಯಿತು ಎಂದು ನಾನು ಹೇಳುತ್ತೇನೆ. ಪಿಸ್ಟನ್ನಿನ ಮೇಲೆ ಬ್ಲಾಕ್ ಇಳಿಸುವಾಗ ನಿಮ್ಮಪ್ಪ ಎಷ್ಟೇ ಅವಸರವಿದ್ದರೂ “ಬಾರೇ, ಇದು ನಾಲ್ಕು ಕೈ ಕೆಲಸ” ಎಂದು ಕೂಗುತ್ತಿದ್ದರು. ಒಲೆಯ ಮೇಲೆ ಏನಿದ್ದರೂ ಬಿಟ್ಟು ಹೋಗುತ್ತಿದ್ದೆ. ನಾನು ರಿಂಗುಗಳನ್ನು ಬೆರಳಲ್ಲಿ ಅದುಮಿ ಹಿಡಿಯಬೇಕು, ಅವರು ಮೇಲಿಂದ ಬ್ಲಾಕ್ ಇಳಿಸಬೇಕು. ಅಂಥ ನುರಿತ ಕೆಲಸಗಾರರೇ ನಾಚಿಕೆಯಿಲ್ಲದೆ ಹೆಂಡತಿಯನ್ನು ಕರೆಯುತ್ತಿದ್ದರು. ನೀನು? ಬಾಗಿಲು ಮುಚ್ಚಿಕೊಂಡೆ. “ಯಾರೂ ಬರ್ಬೇಡಿ, ತಲೆ ತಿನ್ಬೇಡಿ” ಅಂದೆ. ಅವಳು ಬಾಗಿಲಾಚೆ ಕೈ ಒರೆಸಿಕೊಳ್ಳುತ್ತಾ ನಿಂತೇ ಇದ್ದಳು. ಒಂದು ಕೈಯಲ್ಲಿ ಬ್ಲಾಕ್, ಇನ್ನೊಂದರಲ್ಲಿ ರಿಂಗು, ಯಾರಿಗೂ ಕಾಣದಂತೆ ಸ್ಪ್ರಿಂಗಿನ ತುದಿ ತುದಿಯ ಮೇಲೇರಿತು. ಮನೆಯ ವಿಷಯದಲ್ಲೂ ನೀನು ಮಾಡುವುದು ಇದನ್ನೇ. ಅವಳ ಬದುಕನ್ನು ಬಾಗಿಲು ಮುಚ್ಚಿಕೊಂಡು ನೀನೊಬ್ಬನೇ ತೀರ್ಮಾನಿಸಿದೆ. ನನಗೆ ಅದು ಸಿಟ್ಟು ತರಿಸಿದೆ, ನೋವೂ ಆಗಿದೆ, ಎರಡನ್ನೂ ಮುಚ್ಚಿಡುವುದಿಲ್ಲ.

ಹೊಸ ಸೆಟ್ ತಂದೆವು. ಸ್ಪ್ರಿಂಗು ಮೊದಲು, ಎರಡು ಬಣ್ಣವೂ ಕಣ್ಣಿಗೆ ಕಾಣುವಂತೆ. ಆಮೇಲೆ ಬಳೆಗಳು, ಅವುಗಳ ಸೀಳುಬಾಯಿಗಳು ಒಂದೇ ಸಾಲಿಗೆ ಬರದಂತೆ ದೂರ ದೂರ. ಎಣ್ಣೆ ಸವರಿ, ನಾನು ಅದುಮಿದೆ, ಅವಳು ಬ್ಲಾಕ್ ಇಳಿಸಿದಳು. ನನ್ನ ಹೆಬ್ಬೆರಳು ನಡುಗಿ ಬಳೆ ಚಿಮ್ಮಿತು, ಮತ್ತೆ ಮೊದಲಿಂದ. ಎರಡನೇ ಸಲವೂ ಚಿಮ್ಮಿತು. ಆಗ ಜಾಗ ಬದಲಿಸಿದೆವು, ಅವಳು ಅದುಮಿದಳು, ನಾನು ಇಳಿಸಿದೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಎಲ್ಲ ಬಿಗಿದು ಅವಳು ಕಿಕ್ ಹೊಡೆದಾಗ ಸೈಲೆನ್ಸರಿನಿಂದ ಭಗ್ಗೆಂದು ಹೊಗೆ ಬಂತು ನೋಡು. ಅವಳು ಅತ್ತೇಬಿಟ್ಟಳು. ಒಳಗೆ ಉಳಿದಿದ್ದ ಹಳೇ ಎಣ್ಣೆ ಅದು, ಸ್ವಲ್ಪ ಹೊತ್ತು ಉರಿದು ನಿಂತುಹೋಯಿತು. ಆಮೇಲೆ ಸೈಲೆನ್ಸರಿನ ಬಾಯಿಗೆ ಬಿಳಿ ಕರವಸ್ತ್ರ ಹಿಡಿದೆವು, ಒಂದು ಹನಿ ಎಣ್ಣೆ ಬೀಳಲಿಲ್ಲ.

ನಿನ್ನ ತಪ್ಪನ್ನು ನಿನಗೆ ಬರೆಯಬಾರದು, “ಅವರಿಗೆ ಬೇಜಾರಾಗುತ್ತೆ, ತಾನಾಗೇ ಸರಿಹೋಯ್ತು ಅನ್ನಿ” ಎಂದು ಅವಳ ಬೇಡಿಕೆ. ಅವಳ ಒಳ್ಳೆಯತನ ಅವಳಿಗಿರಲಿ. ನನಗೆ ಈ ವಯಸ್ಸಿನಲ್ಲಿ ನಯ ನಾಜೂಕು ಕಲಿಯುವ ಉತ್ಸಾಹವಿಲ್ಲ.

ನಿನ್ನ ಎದೆ ಹಗುರಾಗಿರಲಿ, ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ, ತಲೆಯ ಮೇಲಿನ ಬಂಡೆ ಅಲುಗದಿರಲಿ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ, ಆದರೆ ಊಟ ಬಿಡಬೇಡ.

ನಿನ್ನನ್ನು ಹೆತ್ತು ಸಾಕಿದ,
ಅಮ್ಮ

ತಾ.ಕ.: ಕಾಗದವನ್ನು ಅಂಚೆಗೆ ಹಾಕಲು ಅವಳು ಗೇಟಿನ ಹತ್ತಿರ ಹಾರ್ನ್ ಬಾರಿಸುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅವಳನ್ನು ಕೆಲಸಕ್ಕೆ ಕಳಿಸಲೇ ಎಂದು ಇಷ್ಟುದ್ದದ ಕಾಗದದಲ್ಲಿ ನಾನು ಎಲ್ಲೂ ಕೇಳಿಲ್ಲ, ನೋಡು. ಕೇಳುವುದೇನೂ ಉಳಿದಿಲ್ಲ. ಹೋದ ಸೋಮವಾರದಿಂದ ಅದೇ ಗಾಡಿಯಲ್ಲಿ ಹೋಗುತ್ತಿದ್ದಾಳೆ. ಮುಂದಿನ ರಜೆಗೆ ನೀನು ಬಂದಾಗ ಸ್ಟೇಷನ್ನಿಗೂ ಅವಳೇ ಬರುತ್ತಾಳೆ. ಬೀದಿಯಲ್ಲಿ ನಿಂತು ಬೀಗದಕೈ ಕೇಳಬೇಡ, ಸುಮ್ಮನೆ ಹಿಂದೆ ಕೂರು. ಹಿಂದಿನ ಸೀಟಿನಲ್ಲಿ ಕೂತರೆ ಯಾರೂ ಸಾಯುವುದಿಲ್ಲ, ನಾನು ಒಂದು ಜೀವಮಾನ ಕೂತವಳು.