ಅರ್ಧ ಮಲಗಿದ ಹುಣಸೆಗಿಡ

ಶಂಶಾಬಾದ್, ಸೋಮವಾರ

ದೊಡ್ಡವ್ವನ ಪಾದಕ್ಕೆ ನಾಗವೇಣಿಯ ಶರಣು. ಗಾಬರಿಯಾಗಬೇಡ, ಜೀವಕ್ಕೇನೂ ಆಗಿಲ್ಲ. ನಾವು ಕೆಲಸಕ್ಕೆ ಹೋಗುವ ಹೊಸ ಕಟ್ಟಡದ ಮೆಟ್ಟಿಲಲ್ಲಿ ನಮ್ಮನೆಯವರ ಕಾಲು ಉಳುಕಿ ಬಾತುಕೊಂಡಿತು. ಎಲುಬು ಮುರಿದಿಲ್ಲ ಎಂದು ಡಾಕ್ಟರು ಹೇಳಿದರೂ ನನಗೆ ಸಮಾಧಾನವಿಲ್ಲ. ನೀನು ಮಾಡುವ ಹಾಗೆ ಹುಣಸೆ ಎಲೆ ಕುದಿಸಿ ಕಟ್ಟೋಣವೆಂದು ಹೊರಟರೆ ಹೊತ್ತು ಮುಳುಗಿಬಿಟ್ಟಿತ್ತು. ಮಲಗಿದ ಗಿಡದ ಎಲೆ ಹರಿಯಬಾರದಲ್ಲ!

ಆದರೆ ಇಲ್ಲಿಯ ಗಿಡವನ್ನು ನೀನು ನೋಡಬೇಕಿತ್ತು. ರಸ್ತೆಯ ದೊಡ್ಡ ದೀಪ ಅದರ ಒಂದೇ ಮಗ್ಗುಲಿಗೆ ಬೀಳುತ್ತದೆ. ಕತ್ತಲ ಕಡೆಯ ಎಲೆಗಳೆಲ್ಲ ಕೈ ಮುಗಿದುಕೊಂಡು ಮಲಗಿದ್ದವು. ಬೆಳಕಿನ ಕಡೆಯವು ಬಿಚ್ಚಿಕೊಂಡು, ಹಾಲಿನಲ್ಲಿ ತೇಲುವ ಹಾಗೆ, ಸುಮ್ಮನೆ ನೋಡುತ್ತಿದ್ದವು. ನಾನೂ ನೋಡುತ್ತ ನಿಂತುಬಿಟ್ಟೆ. ಪಕ್ಕದ ಶೆಡ್ಡಿನ ದುರುಗಮ್ಮ ನಕ್ಕಳು: “ಆ ಕಡೀದು ನೈಟ್ ಡ್ಯೂಟಿ ಮಾಡಾಕತ್ತೈತಿ, ಯವ್ವಾ. ಅದನ್ನ ಹರ್ಕೋ, ಪಾಪ ಹತ್ತಂಗಿಲ್ಲ.” ಮಲಗಿದ್ದು ಏಳದ ಹಾಗೆ ಮೆಲ್ಲಗೆ ಹರಿದುಕೊಂಡೆ.

ಈಗ ಬಾವು ಇಳಿದಿದೆ. ಆದರೆ ಕಟ್ಟಿದಾಗಿನಿಂದ ಅವರಿಗೆ ರಾತ್ರಿ ಕಣ್ಣು ಹತ್ತುತ್ತಿಲ್ಲ. ತಗಡಿನ ಸಂದಿಯಿಂದ ಬರುವ ಬೆಳಕನ್ನೇ ನೋಡುತ್ತ ಬಿದ್ದಿರುತ್ತಾರೆ. “ಮಲಗ್ರಿ” ಅಂದರೆ “ಹೊತ್ತು ಮುಳುಗ್ಲಿ, ತಡಿ” ಅನ್ನುತ್ತಾರೆ. ನಿದ್ದೆಗೆಟ್ಟ ಎಲೆಯ ಗುಣ ಅವರ ಮೈಗೆ ಇಳಿಯಿತೇನೋ ಎಂದು ನನಗೆ ಅಂಜಿಕೆ. ನಮ್ಮೂರ ಬಾವಿ ದಂಡೆಯ ಹುಣಸೆ ಕತ್ತಲಲ್ಲಿ ಚೆನ್ನಾಗಿ ಮಲಗುತ್ತದೆ. ಮಲ್ಲಣ್ಣ ಮಾವ ಈ ಕಡೆ ಬರುವಾಗ ಅದರ ಎರಡು ಹಿಡಿ ಎಲೆ ಕೊಟ್ಟು ಕಳಿಸು. ಕಾಗದದಲ್ಲಿ ಜಾಗ ಮುಗಿಯಿತು. ಬೆಳಿಗ್ಗೆ ಗಿಡ ತಾನಾಗಿ ಎದ್ದ ಮೇಲೆ ಹರಿ, ದೊಡ್ಡವ್ವಾ.

ನಾಗವೇಣಿ