ಕರಿ ಪರದೆ, ಬಿಳಿ ಗೋಡೆ

3 ನವೆಂಬರ್ 1997, ಸೋಮವಾರ. ಹೊಳೆನರಸೀಪುರ

ಕೊನೇ ವರ್ಷದ ಬಿ.ಎಸ್ಸಿ.ಗೆ ಮತ್ತೆ ಕಣ್ಣಿನ ರೆಟಿನಾ ಪಾಠ ಮಾಡಿದೆ. ಬೆಳಕು ಬಿದ್ದ ಕೋಶ ಅಡ್ಡಕ್ಕೆ ಕೈ ಚಾಚಿದ ಅಡ್ಡಕೋಶಕ್ಕೆ (ಹಾರಿಜಾಂಟಲ್ ಸೆಲ್) ಸುದ್ದಿ ಕೊಡುತ್ತದೆ; ಅಡ್ಡಕೋಶ ತಿರುಗಿ ಅಕ್ಕಪಕ್ಕದ ಕೋಶಗಳ ಬಾಯಿ ಮುಚ್ಚಿಸುತ್ತದೆ. ಅದರಿಂದಲೇ ಅಂಚು ಎದ್ದು ಕಾಣುವುದು. ಒಂದೇ ಬೂದು ಕಾಗದದ ಎರಡು ತುಂಡು ತೋರಿಸಿದೆ — ಒಂದು ಕರಿ ರಟ್ಟಿನ ಮೇಲೆ, ಒಂದು ಬಿಳಿಯ ಮೇಲೆ. ಕರಿ ಮೇಲಿನದೇ ಬೆಳ್ಳಗಿದೆ ಎಂದರು ಎಲ್ಲರೂ. ಬಾಗೂರಿನ ಅನಿಲ್‌ಕುಮಾರ್ ಎದ್ದ.

“ಅಂಗಾರೆ ಕಣ್ಣು ಸುಳ್ ಏಳ್ತದಾ ಮೇಡಂ?”

“ಸುಳ್ಳಲ್ಲ. ಕಣ್ಣು ಅಳೆಯಲ್ಲ, ಪಕ್ಕದ್ದರ ಜೊತೆ ಹೋಲಿಸತ್ತೆ.”

ಚೆನ್ನಾಗಿ ಹೇಳಿದೆ ಅಂತ ನನಗೇ ಜಂಭ.

9 ನವೆಂಬರ್, ಭಾನುವಾರ

ಹಾಸನದವರು ನನ್ನನ್ನು ನೋಡಿಕೊಂಡು ಹೋದರು. ದೀಪಾವಳಿಗೆ ಹೊಡೆಸಿದ ಹೊಸ ಸುಣ್ಣ ಅಂತ ಅಮ್ಮನಿಗೆ ಹೆಮ್ಮೆ. ಆ ಬಿಳಿ ಗೋಡೆಯ ಮುಂದೆಯೇ ನನ್ನ ಕುರ್ಚಿ. ಹುಡುಗನ ತಾಯಿ ಕೈಯಲ್ಲಿ ನನ್ನ ಫೋಟೋ. ಅದನ್ನು ನೋಡುವುದು, ನನ್ನನ್ನು ನೋಡುವುದು, ಮತ್ತೆ ಫೋಟೋ... ಕೇಸರಿಬಾತು ಮಾತ್ರ ಪೂರ್ತಿ ತಿಂದರು.

11 ನವೆಂಬರ್, ಮಂಗಳವಾರ

ಹಾಸನದಿಂದ ಫೋನು ಬಂತು. “ಫೋಟೋದಲ್ಲಿ ಬೆಳ್ಳಗಿದ್ಲು, ಎದುರಿಗೆ ಹಾಗಿಲ್ಲ. ಮೊದಲೇ ಹೇಳಬಹುದಿತ್ತು” ಅಂದರಂತೆ. ಅಮ್ಮ ಊಟ ಮಾಡಲಿಲ್ಲ. ಕಪ್ಪು ಅಂದದ್ದಕ್ಕಲ್ಲ ನನಗೆ ಸಂಕಟ. ಮೋಸಗಾರ್ತಿ ಆದೆನಲ್ಲ, ಅದಕ್ಕೆ. ಎಲ್ಲ ಸ್ಟುಡಿಯೋ ಮಂಜುನಾಥನ ಕೆಲಸ. ನಾಳೆ ಬಿಡುವುದಿಲ್ಲ ಅವನನ್ನು.

12 ನವೆಂಬರ್

ಬಿಟ್ಟೆ.

“ಬೆಳ್ಳಗೆ ಕಾಣಲಿ ಅಂತ ಟಚಿಂಗ್ ಮಾಡಿದ್ದೀರಾ?” ಅಂತ ಜೋರಾಗಿಯೇ ಕೇಳಿದ್ದೆ. ಆತ ನಿಧಾನವಾಗಿ ಕವರ್ ಹುಡುಕಿ ತಂದ. “ಒಂದ್ ಚುಕ್ಕೆನೂ ಇಟ್ಟಿಲ್ಲ ಮೇಡಂ. ಅವತ್ತೇ ಕಾಲೇಜ್ ಅರ್ಜಿಗೆ ಪಾಸ್‌ಪೋರ್ಟ್ ಸೈಜೂ ತೆಗುಸುದ್ರಲ್ಲ, ಎರಡೂ ಪಕ್ಕದಲ್ ಇಟ್ ನೋಡಿ.”

ಅದೇ ಮುಖ, ಅದೇ ಲೈಟು. ಪಾಸ್‌ಪೋರ್ಟಿಗೆ ಬಿಳಿ ಪರದೆ, ಗಂಡಿನ ಕಡೆಯವರಿಗೆ ಕಳಿಸಿದ ಫೋಟೋಗೆ ಕರಿ ಪರದೆ. “ಪರದೆ ಕಪ್ಪು, ಅಷ್ಟೇಯಾ. ಅದ್ನೇ ಆಕಿ ಅಂತ ನಿಮ್ಮಮ್ಮೋರೇ ಏಳಿದ್ರು.”

ಮನೆಗೆ ಬಂದು ಒಂದು ಕಾರ್ಡಿಗೆ ಎರಡು ತೂತು ಹಾಕಿ ಎರಡು ಫೋಟೋದ ಕೆನ್ನೆಯ ಮೇಲೂ ಬರುವಂತೆ ಇಟ್ಟೆ. ಎರಡೂ ಒಂದೇ ಬಣ್ಣ. ಹಾಸನದವರು ಬಂದಾಗ ನಾನು ಕೂತದ್ದೂ ಬಿಳಿ ಗೋಡೆಯ ಮುಂದೆ. ರಟ್ಟು ಅಂಟಿಸಿ ಪಾಠ ಮಾಡಿದವಳು ನಾನು. ದೀಪದ ಬುಡದಲ್ಲೇ ಕತ್ತಲೆ.

16 ನವೆಂಬರ್, ಭಾನುವಾರ

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕರಿ ಪರದೆ ಹಾಕಿಸಿದ್ದು ನೀನೇನಾ ಅಂತ ಕೇಳಿದೆ.

“ಹೌದು ಕಣೇ ಹಂಸ, ನಾನೇ ಹೇಳ್ದೆ. ನನ್ನ ನೋಡಕ್ಕೆ ಬಂದಾಗ ನಮ್ಮಮ್ಮ ಅಡಿಗೆಮನೆ ಬಾಗಿಲಲ್ಲಿ ಕೂರಿಸಿದ್ಲು. ಹಿಂದೆ ಕತ್ತಲಿದ್ರೆ ಮುಖ ಬೆಳಗತ್ತೆ ಅಂತ.”

“ಆಮೇಲೆ?”

“ಆಮೇಲೇನು. ಮದುವೆ ಆದ್ಮೇಲೆ ನಿಮ್ಮಪ್ಪನ ಮನೇಲಿ ಹಗಲು ಬೆಳಕಲ್ಲಿ ನೋಡಿದ್ರು. ಹತ್ತು ವರ್ಷ ಆಡಿಕೊಂಡ್ರು.”

ಒಂದು ಕಲ್ಲು ಹೆಕ್ಕಿ ಬಿಸಾಡಿದಳು. ಅಜ್ಜಿಗೆ ಎಲ್ಲ ಗೊತ್ತಿತ್ತು. ಅಡ್ಡಕೋಶದ ಹೆಸರೊಂದು ಗೊತ್ತಿರಲಿಲ್ಲ. ಅಮ್ಮನ ಮೇಲಿನ ಸಿಟ್ಟು ಇಳಿಯಿತು. ಪಾಪ ಅನ್ನಿಸಿತು.

30 ನವೆಂಬರ್, ಭಾನುವಾರ, ಸಂಜೆ 4.40

ಐದಕ್ಕೆ ಅರಕಲಗೂಡಿನವರು. ಹುಡುಗ ಆತ್ರೇಯ, ಹೈಸ್ಕೂಲ್ ಮೇಷ್ಟ್ರು. ಅವರಿಗೂ ಕರಿ ಪರದೆಯ ಫೋಟೋವೇ ಹೋಗಿದೆ. ಕುರ್ಚಿ ಈ ಸಲ ಅಡಿಗೆಮನೆ ಬಾಗಿಲಿಗೆ ಬೆನ್ನು ಹಾಕಿದೆ — ಅಮ್ಮನೇ ಇಟ್ಟದ್ದು. ಹಿಂದೆ ಕತ್ತಲೆ. ಬೇಡ ಅನ್ನಬೇಕೆಂದಿದ್ದೆ. ಅವಳ ಮುಖ ನೋಡಿ ಬಂದು ಕೂತೆ. ಒಪ್ಪಿದರೆ? ಒಂದು ದಿನ ಹಗಲು ಬೆಳಕಲ್ಲಿ ನೋಡುತ್ತಾರಲ್ಲ. ಅಮ್ಮನ ಹತ್ತು ವರ್ಷ ನನಗೂ. ಭಯ ಆಗುತ್ತಿದೆ. ಅದೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

4.55

ಗೇಟಿನ ಸದ್ದು. ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೊರಟ ಅಮ್ಮ ನನ್ನ ಪಕ್ಕ ಬಂದು ನಿಂತಳು. ಒಂದು ಗಳಿಗೆ ನೋಡಿದಳು. ಅಡಿಗೆಮನೆಗೆ ಹೋದಳು. ಬೆನ್ನ ಹಿಂದೆ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಂಡಿತು. ಈ ಪುಟದ ಮೇಲೆಲ್ಲ ಬೆಳಕು.

“ಇದ್ದ ಹಾಗೇ ನೋಡ್ಲಿ ಬಿಡು” ಅಂದಳು.

ಹೊರಗೆ ಚಪ್ಪಲಿ ಬಿಡುತ್ತಿದ್ದಾರೆ.