ಗೋಡೆ ಕಡೆಯ ಕಲೆ

ಫೆಬ್ರವರಿ ೩, ಮಧ್ಯಾಹ್ನ

ಡಾಕ್ಟರ ಮನೆಯ ಕುರ್ಚಿಗಳಿಗೆ ಕೊನೆಯ ಕೋಟ್ ಆಯಿತು. ಒಣಗಲು ಬಿಟ್ಟಿದ್ದೇನೆ. ಬಾಗಿಲು ತೆರೆದರೆ ಧೂಳು, ಮುಚ್ಚಿದರೆ ಥಿನ್ನರ್ ವಾಸನೆಗೆ ತಲೆಸುತ್ತು. ಪಾಲಿಷ್ ಕೆಲಸದವಳಿಗೆ ಎರಡರಲ್ಲಿ ಒಂದು ತಪ್ಪಿದ್ದಲ್ಲ.

ಊಟಕ್ಕೆ ಏಳುವಷ್ಟರಲ್ಲಿ ಟೆಂಪೋ ಬಂತು. ಭಾವ. ಹಿಂದೆ ಅಕ್ಕನ ಮಂಚ, ಬಿಚ್ಚಿ ಹಗ್ಗ ಕಟ್ಟಿದ್ದು.

"ಹೊಸದರ ಥರ ಮಾಡಿಕೊಡು ಪುಟ್ಟಿ. ಮುಂದಿನ ತಿಂಗಳು..." ಅಲ್ಲಿಗೇ ನಿಲ್ಲಿಸಿದರು.

ಮುಂದಿನ ತಿಂಗಳು ಏನೆಂದು ಎಲ್ಲರಿಗೂ ಗೊತ್ತು. ಮದುವೆ. ಅಕ್ಕ ಹೋಗಿ ಎರಡು ವರ್ಷ ತುಂಬಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದವಳು ವಾಪಸ್ ಬರಲೇ ಇಲ್ಲ.

"ತಲೆ ಕಡೆ ಹಲಗೇಲಿ ಎರಡು ಕಲೆ ಇದೆ. ಅದು ಹೋಗ್ಬೇಕು."

"ಬೇರೆ ಮಂಚ ತಗೋಬಹುದಿತ್ತು."

"ತೇಗ ಅಲ್ವಾ. ಬಿಸಾಕೋಕೆ ಮನಸ್ಸು ಬರಲಿಲ್ಲ."

ತೇಗ ಬಿಡಲು ಮನಸ್ಸು ಬರಲಿಲ್ಲವಂತೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಫೆಬ್ರವರಿ ೫

ಹಳೆಯ ವಾರ್ನಿಷ್ ಕೆರೆದಾಯಿತು. ತೇಗ ತಲೆಹಲಗೆ ಮಾತ್ರ. ಕಾಲು, ಪಕ್ಕದ ಪಟ್ಟಿ ಎಲ್ಲ ಯಾವುದೋ ಬಿಳಿ ಮರ, ಸಣ್ಣ ಸಣ್ಣ ತೂತೇ ತೂತು. ತೂತು ಮುಚ್ಚುವ ಸ್ಯಾಂಡಿಂಗ್ ಸೀಲರ್ ಒಂದು ಕೋಟ್ ಕೊಟ್ಟರೆ ಗಟಗಟ ಕುಡಿದು ಮತ್ತೆ ಬಾಯಿ ಬಿಡುತ್ತದೆ. ಗಟ್ಟಿಯದು ಹಚ್ಚಬೇಕು, ಒಣಗಿದ ಮೇಲೆ ಉಜ್ಜಬೇಕು, ಮತ್ತೊಂದು ಕೋಟ್. ಅದರದೇನೂ ತಕರಾರಿಲ್ಲ.

ತಕರಾರೆಲ್ಲ ತಲೆಹಲಗೆಯದು. ತೇಗ ಮೊದಲೇ ಎಣ್ಣೆಯ ಮರ. ಸಾಲದೆಂದು ಹದಿನಾಲ್ಕು ವರ್ಷ ಗಂಡ ಹೆಂಡತಿ ಇಬ್ಬರ ತಲೆಯೆಣ್ಣೆ. ವಾರ್ನಿಷ್ ಸವೆದ ಕಡೆ ಒಳಗೆ ಇಳಿದುಬಿಟ್ಟಿದೆ. ಅಂಗೈ ಅಗಲದ ಎರಡು ಕಪ್ಪು ಕಲೆ. ಹಲಗೆಯ ಒಂದು ತುದಿಗೆ ಅವರ ಕೋಣೆಯ ಗೋಡೆಯ ನೀಲಿ ಬಣ್ಣ ತಾಗಿದೆ. ಹಾಗಾಗಿ ಒಂದು ಗೋಡೆ ಕಡೆ, ಇನ್ನೊಂದು ಬಾಗಿಲ ಕಡೆ.

ಗೋಡೆ ಕಡೆಯದು ಅಕ್ಕನದು. ಕೇಳಬೇಕಾಗಿಯೇ ಇಲ್ಲ. ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಒಂದೇ ಹಾಸಿಗೆ. ಗೋಡೆ ಮೇಲೆ ಹಲ್ಲಿ ಓಡಾಡುತ್ತಿತ್ತು. ನನಗೆ ಹಲ್ಲಿ ಕಂಡರೆ ಜೀವ ಹೋಗುತ್ತಿತ್ತು. ಅಕ್ಕ ಗೋಡೆ ಕಡೆ, ನಾನು ಈಚೆ. ಅವಳ ಮದುವೆಯ ಹಿಂದಿನ ದಿನದವರೆಗೂ ಹಾಗೇ.

ಆ ಕಲೆಗೆ ಕೆನ್ನೆ ಇಟ್ಟೆ. ಅಕ್ಕನ ವಾಸನೆ ಬಂತು... ಬಂತು ಅಂದುಕೊಂಡೆನೋ ಏನೋ. ಅಳು ಬಂದದ್ದಂತೂ ನಿಜ.

ಫೆಬ್ರವರಿ ೬

ಎರಡೂ ಕಲೆಯ ಅಂಚಿಗೆ ಮಾಮೂಲಿ ಸೀಲರ್ ಚೂರು ಹಚ್ಚಿ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಇನ್ನೂ ಅಂಟಂಟು. ಬೆರಳಿಟ್ಟರೆ ಗುರುತು ಬೀಳುತ್ತದೆ.

ಬಣ್ಣದಂಗಡಿ ಮಾಮನ ಹತ್ತಿರ ಹೋದೆ.

"ಎಣ್ಣೆ ಮೇಲೆ ಸೀಲರ್ ಕೂರಲ್ಲ ಕಣಮ್ಮ. ಎರಡೇ ದಾರಿ. ಥಿನ್ನರ್ ಬಟ್ಟೇಲಿ ಒರೆಸ್ತಾ ಹೋಗು, ಬಟ್ಟೆ ಬೆಳ್ಳಗೆ ಬರೋ ತನಕ. ತಡ ಮಾಡದೆ ಸೀಲರ್ ಹೊಡಿ. ಇಲ್ಲಾಂದ್ರೆ ಮೊದಲು ಮೇಣ ತೆಗೆದ ಅರಗಿನ ಪಾಲಿಷ್, ತೆಳ್ಳಗೆ ಎರಡು ಕೋಟ್. ಆಮೇಲೆ ಸೀಲರ್ ಹಾಯಾಗಿ ಕೂರುತ್ತೆ."

"ಅರಗು ಹಾಕಿದ್ರೆ ಎಣ್ಣೆ ಒಳಗೇ ಉಳಿಯುತ್ತಾ?"

"ಇನ್ನೆಲ್ಲಿಗೆ ಹೋಗುತ್ತೆ? ಕಲೆ ಸ್ವಲ್ಪ ಕಾಣಬಹುದು. ಮೇಲಿನ ಕೋಟಿಗೆ ಬಣ್ಣ ಬೆರೆಸಿದ್ರೆ ಅದೂ ಇಲ್ಲ. ನಿನಗೆ ಗೊತ್ತಿಲ್ಲದ್ದಾ ಇದು?"

ಗೊತ್ತಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು, ಅಷ್ಟೆ.

ಭಾವನ ಕಲೆ ಒರೆಸಿ ತೆಗೆಯುತ್ತೇನೆ. ಅಕ್ಕನದಕ್ಕೆ ಅರಗು. ಯಾರಿಗೂ ಕಾಣದ ಹಾಗೆ ಅವಳು ಅಲ್ಲೇ ಇರಲಿ. ಭಾವನಿಗೆ ಹೇಳುವುದಿಲ್ಲ. ಏನನ್ನೂ ಕೇಳುವುದೂ ಇಲ್ಲ. ಆ ಮನುಷ್ಯನ ಹತ್ತಿರ ನನಗೇನು ಮಾತು.

ಫೆಬ್ರವರಿ ೯

ಹೊಸಬಳು ಬಂದಿದ್ದಳು, ಭಾವ ಮದುವೆಯಾಗುವವಳು. ಒಬ್ಬಳೇ. ಥಿನ್ನರ್‌ಗೆ ಕೆಮ್ಮು ಬಂತು, ನೀರು ಕೊಟ್ಟೆ. ಹಲಗೆಯನ್ನು ನೋಡುತ್ತ ನಿಂತಳು.

"ನಿಮ್ಮಕ್ಕ ಯಾವ ಕಡೆ ಮಲಗ್ತಿದ್ರು?"

"ಗೋಡೆ ಕಡೆ. ಯಾಕೆ?"

"ಅವರನ್ನ ಕೇಳೋಕೆ ಸಂಕೋಚ ಆಯ್ತು, ಅದಕ್ಕೆ. ನಾನು ಈಚೆ ಮಲಗ್ತೀನಿ ಹಾಗಾದ್ರೆ. ಅವರ ಜಾಗ ಅವರಿಗೇ ಇರಲಿ."

ಕಾಲು ಕೆರೆದು ಜಗಳಕ್ಕೆ ನಿಂತಿದ್ದೆ ನಾನು. ಅವಳು ಅದಕ್ಕೂ ಜಾಗ ಕೊಡಲಿಲ್ಲ. ಒಳ್ಳೆಯವಳ ಹಾಗೆ ಕಾಣುತ್ತಾಳೆ. ಅದೇ ನನಗೆ ಇನ್ನಷ್ಟು ಸಂಕಟ.

ಫೆಬ್ರವರಿ ೧೦

ಕೆಲಸ ಮುಗಿಯಿತು. ಬಾಗಿಲ ಕಡೆಯದನ್ನು ಥಿನ್ನರ್ ಹಾಕಿ ತಿಕ್ಕಿದೆ. ಬಟ್ಟೆ ಮೊದಲು ಕಾಫಿ ಬಣ್ಣ, ಆಮೇಲೆ ಹಳದಿ, ಕೊನೆಗೆ ಬಿಳಿ. ಎರಡು ವರ್ಷ ತಡೆಯಲಾರದ ತಲೆ! ಸಿಟ್ಟೆಲ್ಲ ಕೈಗೆ ಬಂದಿತ್ತು. ಒಂದು ಚೂರೂ ಬಿಡಲಿಲ್ಲ. ಬಟ್ಟೆಗಳನ್ನು ನೀರಿನ ಡಬ್ಬಿಗೆ ಹಾಕಿ, ಕಸದವನಿಗೆ ಕೊಟ್ಟೆ.

ಗೋಡೆ ಕಡೆಯದಕ್ಕೆ ಅರಗು, ಮೆತ್ತಗೆ, ಎರಡು ಕೋಟ್. ಇಲ್ಲೇ ಇರು ಅಕ್ಕ ಎಂದೆ. ಜೋರಾಗಿಯೇ ಅಂದೆ, ಯಾರಿರಲಿಲ್ಲ. ಅದರ ಮೇಲೆ ಸೀಲರ್ ಚೆನ್ನಾಗಿ ಕೂತಿತು. ಮೇಲಿನ ಕೋಟಿಗೆ ಬಣ್ಣ ಬೆರೆಸಿದೆ, ಕಲೆ ಮುಚ್ಚಿಹೋಯಿತು.

ಫೆಬ್ರವರಿ ೧೭

ಭಾವ ಮಂಚ ಒಯ್ದರು.

ಟೆಂಪೋಗೆ ಏರಿಸುವ ಮೊದಲು ಹಲಗೆಯ ಮೇಲೆ ಕೈಯಾಡಿಸಿದರು. ಬಾಗಿಲ ಕಡೆ ಬಂದು ಕೈ ನಿಂತಿತು. ತೆಗೆಯಲೇ ಇಲ್ಲ.

"ಪೂರ್ತಿ ಹೋಗಿದೆ" ಎಂದರು.

"ಹೋಗ್ಲಿ ಅಂದವರು ನೀವೇ."

"ಹೌದು. ನಾನೇ. ಇಲ್ಲೇ ಅವಳು ತಲೆ ಇಡ್ತಿದ್ದದ್ದು."

"ಅಕ್ಕ ಗೋಡೆ ಕಡೆ ಅಲ್ವಾ ಭಾವ?"

"ಗೋಡೆ ಕಡೆ ನಾನು. ಅವಳಿಗೆ ಅಲ್ಲಿ ಉಸಿರು ಕಟ್ಟಿದ ಹಾಗಾಗ್ತಿತ್ತು. ಮದುವೆಯಾದ ಹೊಸದರಲ್ಲೇ ಹೇಳಿದ್ಲು. ನಮ್ಮ ಪುಟ್ಟಿಗೆ ಹಲ್ಲಿ ಭಯ ಅಂತ ಇಷ್ಟು ವರ್ಷ ಗೋಡೆ ಮುಖ ನೋಡ್ಕೊಂಡು ಮಲಗಿದೀನಿ, ಇನ್ನು ನನ್ನ ಕೈಲಾಗಲ್ಲಪ್ಪ, ನೀವು ಆ ಕಡೆ ಹೋಗಿ ಅಂತ. ನಗ್ತಾ ಹೇಳಿದ್ಲು."

ಹಲಗೆಯ ಒಂದು ತುದಿ ಹಿಡಿದು ಏರಿಸಲು ಕೈ ಕೊಟ್ಟೆ.

ಫೆಬ್ರವರಿ ೨೮

ಹನ್ನೊಂದು ದಿನ ಬರೆಯಲಿಲ್ಲ. ಬಾಗಿಲನ್ನೂ ತೆರೆಯಲಿಲ್ಲ. ಡಾಕ್ಟರ ಮನೆಯವರು ಕುರ್ಚಿಗೆ ಎರಡು ಸಲ ಬಂದು ಬರಿಗೈಲಿ ಹೋದರು.

ಭಾವನ ತಲೆಯೆಣ್ಣೆಗೆ ಅರಗು ಹಾಕಿ ಕಾಪಾಡಿದ್ದೇನೆ. ಅದಕ್ಕೇ ಕೆನ್ನೆ ಕೊಟ್ಟು ಅತ್ತದ್ದು. ಅಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳನ್ನು ನನ್ನ ಕೈಯಾರೆ ಒರೆಸಿ ಹಾಕಿದೆ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲು ಸಿಟ್ಟು ಬಿಡಬೇಕಿತ್ತಲ್ಲ.

ಹೊಸಬಳು ಪಾಪ, ಮದುವೆಯಾದ ಮೇಲೆ ಬಾಗಿಲ ಕಡೆ ಮಲಗುತ್ತಾಳೆ. ಅಕ್ಕನಿಗೆ ಗೌರವ ಕೊಟ್ಟೆನೆಂದುಕೊಂಡು. ಹೇಳಬೇಕೆ ಅವಳಿಗೆ? ಹೇಳಿ ಆಗಬೇಕಾದ್ದೇನು.

ಮಾರ್ಚ್ ೮, ಮಧ್ಯಾಹ್ನ

ಅವರ ಮದುವೆ ಆಯಿತು. ಹೋಗಿ ಬಂದೆ. ಭಾವ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ಮನೆಗೆ ಬಂದು ಗೋಡೆ ಕಡೆ ಮಲಗಿ ನೋಡಿದೆ. ಹುಟ್ಟಿದಾಗಿನಿಂದ ಮೊದಲ ಸಲ. ಮೇಲೆ ಹಲ್ಲಿ ಇತ್ತು. ಇರಲಿ ಎಂದೆ. ಸ್ವಲ್ಪ ಹೊತ್ತಿಗೇ ಎದ್ದು ಕೂತು ಬರೆಯುತ್ತಿದ್ದೇನೆ. ಅವಳು ಹೇಳಿದ್ದು ಸುಳ್ಳಲ್ಲ. ಮೂಗಿನ ಮುಂದೆಯೇ ಗೋಡೆ. ಬಿಟ್ಟ ಉಸಿರು ವಾಪಸ್ ಮುಖಕ್ಕೇ ಬರುತ್ತದೆ. ಅಷ್ಟು ವರ್ಷ ಹೇಗೆ ಮಲಗಿದ್ದಳೋ. ಒಂದು ದಿನ ಬಾಯಿಬಿಟ್ಟು ಹೇಳಬಾರದಿತ್ತೆ ಅಕ್ಕ, ನಾನೇ ಆ ಕಡೆ ಮಲಗುತ್ತಿದ್ದೆನಲ್ಲ.